ಒಣನೆಲದ ಮನೆಯಲ್ಲಿ ವೈರಿಂಗ್ ತಪಾಸಣೆ: ಎಲ್ಲಿಂದ ಶುರು ಮಾಡಬೇಕು?

ಗೀಸರ್ ಆನ್ ಇದ್ದಾಗ ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ. ಫ್ರಿಜ್ಜಿನ ಬಾಗಿಲಿಗೆ ಒದ್ದೆ ಕೈ ತಗುಲಿದರೆ ಚುರುಕ್ ಅನ್ನುತ್ತದೆ. 'ಸ್ವಲ್ಪ ಅರ್ಥ್ ಹೊಡೀತದೆ ಅಷ್ಟೇ' ಎಂದು ಚಪ್ಪಲಿ ಮೆಟ್ಟಿಕೊಂಡು ಕೆಲಸ ಮುಂದುವರಿಸುವ ಮನೆಗಳು ಕೋಲಾರದ ಕಡೆ ಬೇಕಾದಷ್ಟಿವೆ. ಹಾಗೆ ಜುಮ್ಮೆನ್ನುವುದೆಂದರೆ ಲೋಹದ ಮೈಗೆ ಫೇಸ್ (ಕರೆಂಟು ತರುವ ವೈರು) ಸೋರುತ್ತಿದೆ, ಭೂಮಿಗೆ ಇಳಿಯಲು ದಾರಿ ಸಿಗದೆ ನಿಮ್ಮ ಕೈಗಾಗಿ ಕಾಯುತ್ತಿದೆ ಎಂದೇ ಲೆಕ್ಕ.

ಇದಕ್ಕೆ ನಮ್ಮ ನೆಲವೂ ಒಂದು ಕಾರಣ. ಶ್ರೀನಿವಾಸಪುರ, ಬಾಗೇಪಲ್ಲಿ, ಪಾವಗಡ ಎಲ್ಲಿ ಅಗೆದರೂ ಮೇಲೊಂದಿಷ್ಟು ಮಣ್ಣು, ಕೆಳಗೆ ಗರಸು, ಆಮೇಲೆ ಬಂಡೆ. ಸಾವಿರ ಅಡಿ ಬೋರ್ ಕೊರೆಸಿದರೂ ನೀರಿನ ಖಾತರಿ ಇಲ್ಲದ ಕಡೆ ಸೋರಿದ ಕರೆಂಟನ್ನು ನೆಲಕ್ಕಿಳಿಸಲು ತೋಡಿದ ಎಂಟಡಿಯ ಅರ್ಥ್ ಗುಂಡಿಯಲ್ಲಿ ಏಪ್ರಿಲ್ ತಿಂಗಳಿಗೆ ತೇವ ಎಲ್ಲಿಂದ ಬರಬೇಕು? ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಗುಂಡಿಯ ರೋಧ (ಕರೆಂಟಿಗೆ ಒಡ್ಡುವ ತಡೆ) 20 ಓಮ್ ಇದೆ ಎಂದಿಟ್ಟುಕೊಳ್ಳಿ. 230 ವೋಲ್ಟ್ ಸೋರಿದರೂ ಅದರಲ್ಲಿ ಹರಿಯುವುದು ಹನ್ನೊಂದೂವರೆ ಆಂಪಿಯರ್ ಮಾತ್ರ. ಗೀಸರಿಗೆ ಹಾಕಿರುವ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು (ಆಫ್ ಆಗಿ) ಲೈನು ಕಡಿಯುವ ಸ್ವಿಚ್ಚು, 16 ಆಂಪಿಯರಿನದು. ಅದು ಬೀಳುವುದೇ ಇಲ್ಲ. 'ಎಂಸಿಬಿ ಇದೆಯಲ್ಲ, ಭಯ ಇಲ್ಲ' ಅನ್ನುವವರು ಈ ಲೆಕ್ಕವನ್ನು ಎರಡು ಸಲ ಓದಬೇಕು.

ಆದ್ದರಿಂದ ತಪಾಸಣೆಯನ್ನು ಮೀಟರ್ ಬೋರ್ಡ್ ಪಕ್ಕದ, ಎಂಸಿಬಿಗಳೆಲ್ಲ ಇರುವ ಡಿಬಿ ಪೆಟ್ಟಿಗೆಯಿಂದಲೇ ಶುರು ಮಾಡಿ.

ಹಂತ 1: ಆರ್‌ಸಿಸಿಬಿ ಇದೆಯೇ ನೋಡಿ

ಎಂಸಿಬಿಗಿಂತ ಅಗಲವಾಗಿ, ಮೈಮೇಲೆ 'ಟಿ' ಅಕ್ಷರದ ಸಣ್ಣ ಗುಂಡಿ ಇರುವುದೇ ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ (ಕರೆಂಟು ವಾಪಸು ಹೋಗುವ ವೈರು) ಅಷ್ಟೇ ವಾಪಸು ಬಂತೇ ಎಂದು ಇದು ಸದಾ ತಾಳೆ ನೋಡುತ್ತಿರುತ್ತದೆ. ಮನೆಗೆ ಬೇಕಾದದ್ದು 30 ಮಿಲಿಆಂಪಿಯರಿನದು. ವ್ಯತ್ಯಾಸ ಅಷ್ಟು ಮುಟ್ಟುವುದರೊಳಗೆ ಲೈನು ಕಡಿದುಹಾಕುತ್ತದೆ. ಗುಂಡಿ ಒಣಗಿ ರೋಧ 200 ಓಮ್‌ಗೆ ಏರಿದ್ದರೂ ಸೋರುವುದು ಒಂದು ಆಂಪಿಯರಿಗಿಂತ ಹೆಚ್ಚು, ಇದು ಬೀಳಲು ಅಷ್ಟು ಧಾರಾಳವಾಗಿ ಸಾಕು. ನಮ್ಮಂಥ ಒಣನೆಲಕ್ಕೆ ಇದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ. ಆದರೆ ಓವರ್‌ಲೋಡನ್ನು ಇದು ತಡೆಯುವುದಿಲ್ಲ, ಎಂಸಿಬಿಯೂ ಇರಲೇಬೇಕು. ಒಂದು ಕೈ ಫೇಸಿಗೆ, ಇನ್ನೊಂದು ನ್ಯೂಟ್ರಲಿಗೆ ತಗುಲಿದರೂ ಇದಕ್ಕೆ ಗೊತ್ತಾಗದು.

ತಿಂಗಳಿಗೊಮ್ಮೆ 'ಟಿ' ಒತ್ತಿ. ಟಪ್ಪನೆ ಬೀಳಬೇಕು. ಕರೆಂಟು ಇದ್ದೂ ಬೀಳದಿದ್ದರೆ ಬದಲಿಸಿ.

ಇಲ್ಲಿಯೇ ನಡೆಯುವ ಒಂದು ದೊಡ್ಡ ಅನಾಹುತ ಹೇಳಬೇಕು. ಯುಪಿಎಸ್ ಹಾಕಿಸುವಾಗ ಅದರ ಲೈನಿನ ನ್ಯೂಟ್ರಲನ್ನು ಮನೆಯ ಉಳಿದ ನ್ಯೂಟ್ರಲಿಗೆ ಕಲೆಸಿಬಿಡುತ್ತಾರೆ. ಹೋದ ದಾರಿ ಒಂದು, ಬಂದ ದಾರಿ ಇನ್ನೊಂದಾಗಿ ತಾಳೆ ತಪ್ಪುತ್ತದೆ, ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ. 'ಇದು ಸುಮ್ನೆ ತೊಂದರೆ ಕೊಡ್ತದೆ ಸಾರ್, ಡೈರೆಕ್ಟ್ ಮಾಡಿಬಿಡ್ತೀನಿ' ಎಂದು ಅದನ್ನೇ ಬದಿಗೆ ಸರಿಸಿ ವೈರು ಜೋಡಿಸಿ ಹೋಗುವವರಿದ್ದಾರೆ. ಒಪ್ಪಬೇಡಿ. ನ್ಯೂಟ್ರಲ್ ಬೇರ್ಪಡಿಸಿ ಕೊಡು ಎಂದು ಪಟ್ಟು ಹಿಡಿಯಿರಿ.

ಹಂತ 2: ಅರ್ಥ್ ಗುಂಡಿ

ಹಸಿರು ವೈರು ಸ್ವಿಚ್‌ಬೋರ್ಡಿನಲ್ಲಿ ಕಂಡರೆ ಸಾಲದು, ಅದು ಗುಂಡಿಯವರೆಗೂ ಹೋಗಿದೆಯೇ ಎಂಬುದು ಮುಖ್ಯ. ಹಳೆಯ ಮನೆಗಳಲ್ಲಿ ಅದನ್ನು ನೀರಿನ ಪೈಪಿಗೆ ಸುತ್ತಿ ಬಿಟ್ಟಿರುತ್ತಾರೆ. ಕಬ್ಬಿಣದ ಪೈಪು ಕಿತ್ತು ಪಿವಿಸಿ ಹಾಕಿಸಿದ ದಿನವೇ ಆ ಅರ್ಥ್ ಸತ್ತುಹೋಯಿತು. ಇನ್ನು ಕೆಲವರು ಸಾಕೆಟ್ಟಿನೊಳಗೆ ಅರ್ಥ್ ಪಿನ್ನನ್ನು ನ್ಯೂಟ್ರಲಿಗೇ ಕಟ್ಟುತ್ತಾರೆ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಮಿಕ್ಸಿ, ಫ್ರಿಜ್ಜುಗಳ ಮೈಗೆಲ್ಲ ಕರೆಂಟು ಬರುತ್ತದೆ.

ಫೇಸ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ಇಟ್ಟು 'ನೋಡಿ, 230 ತೋರಿಸ್ತಿದೆ, ಅರ್ಥ್ ಚೆನ್ನಾಗಿದೆ' ಅಂದರೆ ನಂಬಬೇಡಿ. ಮೀಟರು ಎಳೆಯುವ ಕರೆಂಟು ತೀರಾ ಕಡಿಮೆ, ಕೆಟ್ಟ ಗುಂಡಿಯೂ ಅದಕ್ಕೆ ಪೂರ್ತಿ ವೋಲ್ಟೇಜ್ ಕೊಡುತ್ತದೆ. ನೆಲಕ್ಕೆ ಸಲಾಕೆ ಹೊಡೆದು ಅರ್ಥ್ ಟೆಸ್ಟರಿನಲ್ಲಿ ಅಳೆಸಿ, ಬೇಸಿಗೆಯಲ್ಲೇ ಅಳೆಸಿ. ಮಳೆಗಾಲದ ರೀಡಿಂಗ್ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ.

ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಬಿಂದಿಗೆ ನೀರು ಹಾಕಿ. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಿನಲ್ಲಿ ಈ ಮಾತು ಕಿವಿಗೆ ಕಷ್ಟ. ಪಾತ್ರೆ ತೊಳೆದ ನೀರಾದರೂ ನಡೆಯುತ್ತದೆ. ಹೊಸದಾಗಿ ತೋಡಿಸುವುದಾದರೆ ಉಪ್ಪು, ಇದ್ದಿಲಿನ ಬದಲು ಬೆಂಟೊನೈಟ್ ಎಂಬ ಜೇಡಿಮಣ್ಣಿನ ಪುಡಿ ತುಂಬಿಸಿ. ಉಪ್ಪು ಪೈಪನ್ನು ತಿನ್ನುತ್ತದೆ, ಬೆಂಟೊನೈಟ್ ತೇವ ಹಿಡಿದಿಡುತ್ತದೆ. ಬೇಗ ಬಂಡೆ ಸಿಕ್ಕಿದರೆ ದೂರ ದೂರದಲ್ಲಿ ಎರಡು ಗುಂಡಿ ತೋಡಿಸಿ ಒಂದಕ್ಕೊಂದು ಜೋಡಿಸುವುದು ಮೇಲು.

ಹಂತ 3: ಸಾಕೆಟ್, ವೈರು, ಸ್ವಿಚ್ಚು

ನೀರು ಕಾಯಿಸುವ 1500 ವಾಟಿನ ಕಾಯಿಲ್ ಆರೂವರೆ ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಚುಚ್ಚಿದರೆ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುವುದರಲ್ಲಿ ಆಶ್ಚರ್ಯವಿಲ್ಲ. ಕಾಯಿಲ್, ಇಸ್ತ್ರಿಪೆಟ್ಟಿಗೆ, ಗೀಸರ್ ಎಲ್ಲಕ್ಕೂ 16 ಆಂಪಿಯರಿನ ಸಾಕೆಟ್ ಬೇಕು. ಲೈಟಿಗೆ ಒಂದೂವರೆ ಚದರ ಎಂಎಂ ವೈರು, ಪವರ್ ಪ್ಲಗ್ಗಿಗೆ ಎರಡೂವರೆ, ಗೀಸರಿಗೆ ನಾಲ್ಕು. ವೈರಿನ ಮೇಲೆ ಐಎಸ್‌ಐ ಗುರುತು ನೋಡಿ ಕೊಳ್ಳಿ. ಎಂಸಿಬಿ ಪದೇ ಪದೇ ಬೀಳುತ್ತದೆಂದು 16ರ ಜಾಗಕ್ಕೆ 32 ಹಾಕಿಸಿದರೆ ಅದು ಬೀಳುವ ಮೊದಲು ಗೋಡೆಯೊಳಗಿನ ವೈರು ಕಾದು ಕರಗುತ್ತದೆ. ಹಳೆಯ ಫ್ಯೂಸಿಗೆ ದಪ್ಪ ತಾಮ್ರದ ತಂತಿ ಸುತ್ತುವುದೂ ಇದೇ ಜಾತಿಯ ಜಾಣತನ.

ಲೈಟಿನ ಸ್ವಿಚ್ ಆಫ್ ಮಾಡಿ, ಹೋಲ್ಡರಿನ ಎರಡು ಪಾಯಿಂಟಿಗೂ ಟೆಸ್ಟರ್ ಇಡಿಸಿ ನೋಡಿ. ಟೆಸ್ಟರಿನ ದೀಪ ಉರಿದರೆ ಸ್ವಿಚ್ಚನ್ನು ಫೇಸಿಗೆ ಹಾಕದೆ ನ್ಯೂಟ್ರಲಿಗೆ ಹಾಕಿದ್ದಾರೆ. ಆಫ್ ಇದೆಯೆಂದು ನಂಬಿ ಬಲ್ಬ್ ಬದಲಿಸಲು ಹೋದವರಿಗೆ ಶಾಕ್ ಹೊಡೆಯುವುದು ಹೀಗೆ.

ಹಂತ 4: ಮನೆಯ ಹೊರಗೆ

ಸಂಪಿನ ಮೋಟಾರಿಗೆ ನೆಲದ ಮೇಲೆಯೇ ಎಳೆದ ವೈರು, ಮಧ್ಯೆ ಟೇಪು ಸುತ್ತಿದ ಜಾಯಿಂಟು ಇದ್ದರೆ ಇವತ್ತೇ ತೆಗೆಸಿ. ಪೈಪಿನೊಳಗೆ, ಜಾಯಿಂಟ್ ಇಲ್ಲದ ಒಂದೇ ತುಂಡು ಹಾಕಿಸಿ. ಬಟ್ಟೆ ಒಣಹಾಕಲು ಜಿಐ ತಂತಿಯನ್ನು ಕರೆಂಟ್ ಕಂಬಕ್ಕಾಗಲಿ, ಸರ್ವಿಸ್ ವೈರು ಇಳಿಯುವ ಪೈಪಿಗಾಗಲಿ ಕಟ್ಟಲೇಬೇಡಿ. ಆ ವೈರಿನ ಸಿಪ್ಪೆ ಉಜ್ಜಿ ಕಿತ್ತರೆ ತಂತಿಪೂರ್ತಿ ಕರೆಂಟು. ನೈಲಾನ್ ಹಗ್ಗ ಸಾಕು.

ಡಿಬಿ ಬಿಚ್ಚುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಬಿಡಿ. ಮೀಟರಿನಿಂದ ಆಚೆಗೆ ಲೈನು ಜೋತಿದ್ದರೆ, ಕಂಬದಲ್ಲಿ ಕಿಡಿ ಹಾರುತ್ತಿದ್ದರೆ ಅದು ವಿದ್ಯುತ್ ಕಂಪನಿ ಬೆಸ್ಕಾಂ ಕೆಲಸ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರಕ್ಕೂ ಸಹಾಯವಾಣಿ 1912.