ಮಿಲ್ಲಿಗೆ ಹೋಗುವ ಮುಂಚೆ ಒಂದು ಸೇರು ರಾಗಿ: ನಮ್ಮ ಸೇವಕರನ್ನು ನಾವೇ ನೋಡಿಕೊಂಡ ಬಗೆ

ಕೋಲಾರ ಜಿಲ್ಲೆಯ ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಆರು ಹಳ್ಳಿಗಳ ಕ್ರೈಸ್ತ ಸಭೆಗಳು ಸೇರಿ ಮೂವರು ಸೇವಕರನ್ನು, ಅಂದರೆ ಪಾಸ್ಟರ್‌ಗಳನ್ನು, ನೋಡಿಕೊಳ್ಳುತ್ತಿವೆ. ಹೊರಗಿನ ದುಡ್ಡು ಒಂದು ರೂಪಾಯಿಯೂ ಇಲ್ಲ. "ಆಗಲ್ಲ ಬಿಡಿ ಬ್ರದರ್" ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಬೆಂಗಳೂರಿನ ಒಂದು ಸಂಸ್ಥೆಯಿಂದ ತಲೆಗೆ ಆರೇಳು ಸಾವಿರ ಬರುತ್ತಿತ್ತು. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ಹೊರದೇಶದಿಂದ ಬಂದ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತಿಲ್ಲ ಅಂತಾಯಿತು. ನಮಗೆ ಬರುತ್ತಿದ್ದದ್ದು ಅದೇ ದಾರಿಯಲ್ಲಿ. ನಿಂತುಹೋಯಿತು. ಒಬ್ಬ ಪಾಸ್ಟರ್ ವಾರದಲ್ಲಿ ನಾಲ್ಕು ದಿನ ಗಾರೆ ಕೆಲಸಕ್ಕೆ ಹೋಗತೊಡಗಿದರು. ಇನ್ನೊಬ್ಬರು ಪೆಟ್ರೋಲ್‌ಗೆ ದುಡ್ಡಿಲ್ಲದೆ ದೂರದ ಹಳ್ಳಿಯ ಕುಟುಂಬ ಪ್ರಾರ್ಥನೆ ಬಿಟ್ಟರು. ಸಭೆಯ ಖಜಾಂಚಿಯಾಗಿ ಇದನ್ನು ನೋಡಿಕೊಂಡು ಸುಮ್ನೆ ಕೂರಲು ನನಗೆ ಆಗಲಿಲ್ಲ.

ಮಿಜೋರಾಂನ ಹಿಡಿ ಅಕ್ಕಿ ನಿಮಗೆಲ್ಲ ಗೊತ್ತೇ ಇದೆ. 1910ರಿಂದ ಅಲ್ಲಿನ ಹೆಂಗಸರು ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ಸಭೆಗೆ ಎತ್ತಿಡುತ್ತಾರೆ. ನಾನು ಅದನ್ನೇ ಹೇಳಿದೆ. ಹಿರಿಯರೊಬ್ಬರು, "ಅಲ್ಲಿ ಊರಿಗೆ ಊರೇ ನಮ್ಮವರು. ಇಲ್ಲಿ ಊರಿಗೆ ಹತ್ತು ಹದಿನೈದು ಮನೆ. ಕೋಲಾರದ ಕೋವೆನ್ ಆಸ್ಪತ್ರೆ ಕಟ್ಟಿದ್ದೇ ಮಿಷನರಿಗಳ ದುಡ್ಡಲ್ಲಿ, ನಿಮ್ಮ ಹಿಡಿ ಎಲ್ಲಿಗೆ ಸಾಕು?" ಅಂದರು.

ಹಿಡಿ ನಿಜವಾಗಿಯೂ ಸಾಕಾಗಲಿಲ್ಲ. ಒಲೆ ಪಕ್ಕ ಡಬ್ಬ ಇಟ್ಟು ದಿನಾ ಒಂದು ಹಿಡಿ ರಾಗಿ ಹಿಟ್ಟು ಹಾಕಿಸಿದೆವು. ಒಬ್ಬರದು ಹೊಸ ಹಿಟ್ಟು, ಇನ್ನೊಬ್ಬರದು ತಿಂಗಳ ಹಿಟ್ಟು. ಎಲ್ಲ ಬೆರೆತು ಮುಗ್ಗಲು ವಾಸನೆ. ಮಳೆಗಾಲದಲ್ಲಿ ಹುಳು. ಮೂವತ್ತು ಕೆಜಿಯಷ್ಟು ಹಿಟ್ಟು ಹಸುವಿನ ಬಾನಿಗೆ ಹೋಯಿತು. ಪಾಸ್ಟರಮ್ಮ ಒಂದು ಮಾತೂ ಆಡಲಿಲ್ಲ, ಅದೇ ನನಗೆ ಜಾಸ್ತಿ ನೋವಾಯಿತು. ಆಮೇಲೆ ಅಕ್ಕಿ. ಎಲ್ಲರ ಮನೆಯಲ್ಲೂ ಇರುವುದು ರೇಷನ್ ಅಕ್ಕಿ, ಅದನ್ನು ಮಾರುವಂತಿಲ್ಲ. ಹುಂಡಿ ಡಬ್ಬ ಕೊಟ್ಟೆವು, ಮಕ್ಕಳ ಬಸ್ಸಿಗೆ ಚಿಲ್ಲರೆ ಬೇಕಾದಾಗೆಲ್ಲ ಅದರ ಮುಚ್ಚಳ ತೆರೆದುಕೊಳ್ಳುತ್ತಿತ್ತು.

ದಾರಿ ತೋರಿಸಿದ್ದು ಸ್ತ್ರೀಯರ ಸಂಘದ ಒಬ್ಬ ಅಕ್ಕ. "ಅಣ್ಣಾ, ಹಿಟ್ಟು ಯಾಕೆ ಕೇಳ್ತೀರಾ? ಮಿಲ್ಲಿಗೆ ಹೊರಡೋ ಮುಂಚೆ ರಾಗಿನೇ ಅಳೆದು ಇಡ್ತೀವಿ." ಅಷ್ಟೇ. ರಾಗಿ ಕಾಳಿಗೆ ಬೇಗ ಹುಳು ಹಿಡಿಯಲ್ಲ, ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡವರು ನಾವು. ಮನೆಯವರು ತಿಂಗಳಿಗೆ ಎರಡು ಸಲ ಮಿಲ್ಲಿಗೆ ಹೋಗುತ್ತಾರೆ. ಸಲಕ್ಕೆ ಒಂದು ಸೇರು, ಬಡವರಾದರೆ ಅಚ್ಚೇರು, ಅಂದರೆ ಅರ್ಧ ಸೇರು. ಎಂಬತ್ತು ಮನೆ. ಎಲ್ಲರೂ ತಪ್ಪದೆ ಕೊಡುವುದಿಲ್ಲ, ಆದರೂ ತಿಂಗಳಿಗೆ ಕ್ವಿಂಟಲ್ ಮೇಲೆಯೇ ಬರುತ್ತದೆ. ಅರ್ಧ ಮೂವರ ಮನೆಗೆ. ಉಳಿದದ್ದನ್ನು ಕೆಜಿಗೆ ನಲವತ್ತರ ಆಸುಪಾಸಿನಲ್ಲಿ ಮಾರುತ್ತೇವೆ. ಯಾರಿಗೆ ಮಾರುತ್ತೇವೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಆ ಗಿರಾಕಿಯನ್ನು ಹಿಡಿಯಲು ಬಹಳ ಓಡಾಡಿದ್ದೇನೆ.

ಇದರ ಜೊತೆಗೆ ಡೈರಿ ಬಿಲ್ಲು. ಹಾಲು ಹಾಕುವ ಮನೆ ನಮ್ಮಲ್ಲಿ ಮೂವತ್ತರಷ್ಟಿವೆ. ಹದಿನೈದು ದಿನದ ಬಿಲ್ಲಿನಲ್ಲಿ ಒಂದು ಲೀಟರಿನ ದುಡ್ಡು ಸೇವಕರಿಗೆ. ಡೈರಿಯಲ್ಲೇ ಹಿಡಿದುಕೊಳ್ಳಿ ಅಂತ ಮಾತ್ರ ಹೇಳಬೇಡಿ. ತಾವೇ ಕೈಯಾರೆ ತಂದುಕೊಟ್ಟರೆ ಮನಸ್ಸಿರುತ್ತದೆ, ಪುಸ್ತಕದಲ್ಲಿ ಬರೆಸಿಕೊಂಡು ಹೋಗುತ್ತಾರೆ. ರಾಗಿ, ಹಾಲು ಎರಡೂ ಸೇರಿ ತಿಂಗಳಿಗೆ ನಾಲ್ಕೂವರೆ ಸಾವಿರದಷ್ಟು ನಗದು. ಮೂವರ ಪೆಟ್ರೋಲ್‌ಗೆ ಸರಿಹೋಗುತ್ತದೆ. ಭಾನುವಾರದ ಕಾಣಿಕೆ, ದಶಮಾಂಶ (ಸಂಪಾದನೆಯ ಹತ್ತನೇ ಒಂದು ಪಾಲು) ಇವೆರಡೂ ಬಾಡಿಗೆಗೆ, ಮಕ್ಕಳ ಫೀಸಿಗೆ ಉಳಿದವು.

ಟೊಮೆಟೊ ಕೂಡ ನೋಡಿದೆವು. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್ಟಿನಲ್ಲಿ ಹದಿನೈದು ಕೆಜಿ ಬಾಕ್ಸು ಎರಡು ಸಾವಿರ ದಾಟಿತ್ತಲ್ವಾ? ಆಗ ಒಬ್ಬರು ಎರಡು ಬಾಕ್ಸು ಕೊಟ್ಟರು. ಆ ವಾರ ಆರೂ ಸಭೆಗಳ ಕಾಣಿಕೆ ಸೇರಿಸಿದರೂ ಅಷ್ಟು ಬಂದಿರಲಿಲ್ಲ. ಮುಂದೆ ರೇಟು ಬಿದ್ದಾಗ ಕೀಳುವ ಕೂಲಿಯೂ ಹುಟ್ಟಲಿಲ್ಲ. ಹಾಗಾಗಿ ತಿಂಗಳ ಲೆಕ್ಕಕ್ಕೆ ಟೊಮೆಟೊ ಸೇರಿಸಿಲ್ಲ. ಅದು ಸಭೆಯ ಸುಗ್ಗಿ ಹಬ್ಬದ ಹರಾಜಿಗೆ. ಹೋದ ಸಲ ಕೋಳಿ, ಕುಂಬಳಕಾಯಿ, ಟೊಮೆಟೊ ಎಲ್ಲ ಸೇರಿ ಹರಾಜಿನಲ್ಲಿ ನಲವತ್ತು ಸಾವಿರದ ಹತ್ತಿರ ಬಂತು. ಅಷ್ಟನ್ನೂ ಮೂರು ಕುಟುಂಬಗಳ ಆರೋಗ್ಯ ವಿಮೆಗೆ ಕಟ್ಟಿದೆವು. ಈ ಲೆಕ್ಕ ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ.

ದುಡ್ಡು ಕೊಡುವ ತಾರೀಕು ತಪ್ಪಬಾರದು. ನಮ್ಮದು ಐದನೇ ತಾರೀಕು, ಕವರ್ ಪಾಸ್ಟರಮ್ಮನ ಕೈಗೆ. ಐನೂರು ಕಡಿಮೆಯಾದರೂ ನಡೆಯುತ್ತದೆ. ಹತ್ತು ದಿನ ತಡವಾದರೆ ಅವರು ಬಡ್ಡಿಗೆ ಸಾಲ ತರಬೇಕು, ಆ ಸಾಲ ತೀರಲ್ಲ. ಪುಸ್ತಕ, ಬೀಗದ ಕೈ ಎರಡೂ ಸ್ತ್ರೀಯರ ಸಂಘದಲ್ಲಿವೆ. ತೂಕವನ್ನು ಆರಾಧನೆ ಮುಗಿದ ಮೇಲೆ ಎಲ್ಲರ ಎದುರಿಗೇ ಓದುತ್ತಾರೆ. ಯಾರು ಎಷ್ಟು ಕೊಟ್ಟರು ಅಂತ ಓದುವುದಿಲ್ಲ, ಒಟ್ಟು ಮಾತ್ರ. ಕೊಡುವುದು ನಿಲ್ಲಿಸಿದ ಮನೆಯನ್ನು ಮತ್ತೆ ಸೇರಿಸಿಕೊಳ್ಳುವುದಕ್ಕೂ ನಮ್ಮದೊಂದು ಉಪಾಯವಿದೆ, ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಗಾರೆ ಕೆಲಸಕ್ಕೆ ಹೋಗುತ್ತಿದ್ದ ಪಾಸ್ಟರ್ ಈಗ ವಾರಪೂರ್ತಿ ಸೇವೆಯಲ್ಲಿದ್ದಾರೆ. ಬಿಟ್ಟುಹೋಗಿದ್ದ ಹಳ್ಳಿಯಲ್ಲಿ ಬುಧವಾರದ ಪ್ರಾರ್ಥನೆ ಮತ್ತೆ ಶುರುವಾಗಿದೆ.

ತಿಪಟೂರು ಕಡೆಯ ಸ್ನೇಹಿತರು ಕೇಳಿದ್ದಾರೆ. ನಿಮ್ಮಲ್ಲಿ ಕೊಬ್ಬರಿಯಿಂದ ಶುರು ಮಾಡಿ, ಮಾರ್ಕೆಟ್ಟಿಗೆ ಚೀಲ ಕಟ್ಟುವ ದಿನವೇ ಎತ್ತಿಡಿಸಿ. ಮಾರಿ ಬಂದ ಮೇಲೆ ಕೇಳಿದರೆ ಬರಲ್ಲ.