ಲೈಫ್‌ಬೋಟ್ ಸ್ಟೇಷನ್ನಿನ ದನಿ, ಸದ್ದು ರೆಕಾರ್ಡ್ ಮಾಡೋದು ಹೇಗೆ

ಲೈಫ್‌ಬೋಟ್, ಅಂದ್ರೆ ಕಡಲಲ್ಲಿ ಕಷ್ಟಕ್ಕೆ ಸಿಕ್ಕೋರನ್ನ ಕಾಪಾಡೋಕೆ ದಡದಿಂದ ಹೋಗೋ ಬೋಟು, ಅಂದ ಕೂಡ್ಲೆ ಎಲ್ರ ತಲೇಲೂ ಬರೋದು ಬಿರುಗಾಳಿ, ದೊಡ್ಡ ಅಲೆ, ರೇಡಿಯೋದಲ್ಲಿ ಕೂಗಾಟ. ಅದನ್ನೇ ಹಿಡೀಬೇಕು ಅಂತ ರೆಕಾರ್ಡರ್ ತಗೊಂಡು ಹೋದ್ರೆ ನಿರಾಸೆ ಗ್ಯಾರಂಟಿ, ಯಾಕಂದ್ರೆ ಅಂಥಾ ಹೊತ್ತಲ್ಲಿ ನಿಮ್ಮನ್ನ ಯಾರೂ ಹತ್ರ ಬಿಟ್ಕೊಳ್ಳಲ್ಲ, ಬಿಟ್ಕೊಳ್ಳಲೂ ಬಾರ್ದು. ನನ್ನ ಕೇಳಿದ್ರೆ ಅದರ ಅಗತ್ಯಾನೂ ಇಲ್ಲ. ಹಿಡಿದಿಡ್ಬೇಕಾದ್ದು ದಿನಾ ಆಗೋ ಮಾಮೂಲಿ ಸದ್ದನ್ನ, ಅದು ಯಾರ ಗಮನಕ್ಕೂ ಬರ್ದೆ ಮಾಯ ಆಗ್ತಾ ಇರತ್ತೆ. ಬ್ರಿಟನ್ನಿನ ಕರಾವಳಿ ಊರುಗಳಲ್ಲಿ ಹಿಂದೆ ಸಿಬ್ಬಂದೀನ ಕರೆಯೋಕೆ ಮರೂನ್ ಅನ್ನೋ ರಾಕೆಟ್ ಹಾರಿಸ್ತಿದ್ರು, ಅದು ಮೇಲೆ ಹೋಗಿ ಢಂ ಅಂತ ಸಿಡಿದ್ರೆ ಇಡೀ ಊರಿಗೇ ಗೊತ್ತಾಗ್ತಿತ್ತು. ಈಗ ಪೇಜರ್ ಬಂದಿದೆ, ಬಡ್ಕೊಂಡ್ರೆ ಇಟ್ಕೊಂಡಿರೋರಿಗೆ ಮಾತ್ರ ಕೇಳ್ಸತ್ತೆ. ಟೈನ್ ಕ್ಲಾಸ್ ಅನ್ನೋ ಹಳೇ ಮಾದರಿ ಲೈಫ್‌ಬೋಟುಗಳಲ್ಲಿ ಕೊನೇದು 2019ರಲ್ಲಿ ಸೇವೆಯಿಂದ ಹೋಯ್ತು, ಅದರ ಜೊತೆ ಅದು ಇಳಿಜಾರಲ್ಲಿ ಜಾರಿ ನೀರಿಗೆ ಬೀಳೋ ಸದ್ದೂ ಹೋಯ್ತು. ಮುಂದೆ ಯಾವ್ದು ಹೋಗತ್ತೋ ಅದನ್ನ ಈಗಲೇ ಹಿಡಿಯೋದು ನಿಮ್ಮ ಕೆಲ್ಸ.

ಗೊತ್ತಿಲ್ದೋರಿಗೆ ಒಂದೆರಡು ಮಾತು. ಅಲ್ಲಿ ಈ ಕೆಲ್ಸದ ಬಹುಪಾಲು ಮಾಡೋದು ಆರ್‌ಎನ್‌ಎಲ್‌ಐ ಅಂದ್ರೆ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್. 1824ರ ಮಾರ್ಚ್ 4ಕ್ಕೆ ಲಂಡನ್ನಲ್ಲಿ ಶುರುವಾದ ಸಂಸ್ಥೆ, ಸರ್ಕಾರದ ಇಲಾಖೆ ಅಲ್ಲ, ಜನರ ದೇಣಿಗೆ ಮೇಲೆ ನಡೆಯೋದು. ಬ್ರಿಟನ್ ಐರ್ಲೆಂಡ್ ಎರಡೂ ಸೇರಿ 238 ಸ್ಟೇಷನ್ ಇವೆ. ದೊಡ್ಡ ಬೋಟಿರೋ ಕಡೆ ಮೆಕ್ಯಾನಿಕ್ಕು, ಬೋಟಿನ ಮುಖ್ಯಸ್ಥ ಅಂದ್ರೆ ಕಾಕ್ಸನ್ನು ಅಂತ ಕೆಲವರಿಗೆ ಸಂಬಳ ಇರಬಹುದು, ಮಿಕ್ಕೋರೆಲ್ಲ ಸ್ವಯಂಸೇವಕರು, ಅದ್ರಲ್ಲೂ ಸಮುದ್ರದ ಕಸುಬಿಂದ ಬಂದೋರು ಹತ್ತರಲ್ಲಿ ಒಬ್ರು ಅಷ್ಟೆ. ಟೀಚರ್ರು, ಪ್ಲಂಬರ್ರು, ಅಂಗಡಿಯೋರು, ಯಾರು ಬೇಕಾದ್ರೂ ಇರ್ತಾರೆ. ಇದು ರೆಕಾರ್ಡಿಂಗಿಗೆ ಯಾಕೆ ಮುಖ್ಯ ಅಂದ್ರೆ, ಅವ್ರ ಹತ್ರ ಎರಡು ಬದುಕಿನ ಸದ್ದು ಇರತ್ತೆ. ಗರಗಸ ನಿಲ್ಲಿಸಿ ಓಡಿಹೋದ ಬಡಗಿ ಇದ್ರೆ ಆ ಗರಗಸದ ಸದ್ದೂ ನಿಮ್ಗೆ ಬೇಕು.

ಮೊದಲ ಸಲ ಹೋದಾಗ ರೆಕಾರ್ಡರ್ ತಗೊಂಡು ಹೋಗ್ಬೇಡಿ. ಸ್ಟೇಷನ್ನಿನ ಆಪರೇಷನ್ಸ್ ಮ್ಯಾನೇಜರ್ ಯಾರು ಅಂತ ಕೇಳಿ, ಅವ್ರ ಹತ್ರ ಏನು ಮಾಡ್ತೀರ, ಎಲ್ಲಿ ಇಡ್ತೀರ, ಯಾರು ಕೇಳ್ತಾರೆ ಅಂತ ನೇರವಾಗಿ ಹೇಳಿ, ಬರವಣಿಗೇಲಿ ಅನುಮತಿ ತಗೊಳ್ಳಿ. ಎಲ್ಲಾ ಸ್ಟೇಷನ್ನೂ ಆರ್‌ಎನ್‌ಎಲ್‌ಐದಲ್ಲ, ನಾರ್ಫೋಕಿನ ಕೈಸ್ಟರ್ ಥರ ಸ್ವತಂತ್ರವಾಗಿ ನಡ್ಸೋರೂ ಇದಾರೆ, ಅಲ್ಲಿ ಅವ್ರ ಹತ್ರಾನೇ ಮಾತಾಡ್ಬೇಕು. ಎಕ್ಸರ್ಸೈಜ್ ಅಂತ ಅಭ್ಯಾಸಕ್ಕೆ ಸೇರ್ತಾರಲ್ಲ, ಆ ದಿನ ಹೋಗೋದು ವಾಸಿ, ಎಲ್ಲರೂ ಒಟ್ಟಿಗೆ ಸಿಗ್ತಾರೆ. ಸುಮ್ನೆ ಕೂತು ಟೀ ಕುಡೀರಿ, ಕಿವಿಗೆ ಏನೇನು ಬೀಳತ್ತೆ ಅಂತ ಚೀಟೀಲಿ ಬರ್ಕೊಳ್ಳಿ. ಆ ಚೀಟಿನೇ ಆಮೇಲೆ ನಿಮ್ಮ ಪ್ಲಾನ್ ಆಗತ್ತೆ.

ರೇಡಿಯೋ ಬಗ್ಗೆ ಮಾತ್ರ ಹುಷಾರು. ಚಾನೆಲ್ 16, ಅಂದ್ರೆ 156.8 ಮೆಗಾಹರ್ಟ್ಸ್, ಸಮುದ್ರದಲ್ಲಿ ಆಪತ್ತಿಗೆ ಕರೆಯೋ ಚಾನೆಲ್, ಒಂದು ಸಣ್ಣ ರಿಸೀವರ್ ಇದ್ರೆ ಯಾರ ಕಿವಿಗಾದ್ರೂ ಬೀಳತ್ತೆ. ಹಾಗಂತ ಲೈಫ್‌ಬೋಟೂ ಕೋಸ್ಟ್‌ಗಾರ್ಡೂ ಆಡಿದ ಮಾತನ್ನ ರೆಕಾರ್ಡ್ ಮಾಡಿ ಎಲ್ಲಾದ್ರೂ ಹಾಕ್ಬಿಡೋಣ ಅಂದ್ಕೊಂಡ್ರೆ ಬ್ರಿಟನ್ನಿನ 2006ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಅಡ್ಡ ಬರತ್ತೆ, ನಿಮಗೆ ಅಂತ ಬಂದಿಲ್ದ ಸಂದೇಶದ ವಿಷಯವನ್ನ ಹೊರಗೆ ಹೇಳೋದು ಅಪರಾಧ. ಕಾನೂನು ಬಿಡಿ, ಆ ಮಾತಲ್ಲಿ ಯಾರದೋ ಮಗನ ಹೆಸ್ರು ಇರತ್ತೆ, ಮನೆಯೋರಿಗೇ ಇನ್ನೂ ಸುದ್ದಿ ಹೋಗಿರಲ್ಲ.

ಇನ್ನೊಂದು ಮಾತು ಮೊದ್ಲೇ ಆಡಿ ಮುಗಿಸ್ಬೇಕು: ಸಂದರ್ಶನದ ಮಧ್ಯ ಪೇಜರ್ ಹೊಡ್ಕೊಂಡ್ರೆ ಏನು? ಅವ್ರು ವಾಕ್ಯದ ಅರ್ಧಕ್ಕೇ ಎದ್ದು ಓಡ್ತಾರೆ, ಕತ್ತಿನಲ್ಲಿ ನಿಮ್ಮ ಕಾಲರ್ ಮೈಕ್ ನೇತಾಡ್ತಾನೇ ಇರತ್ತೆ. ಅದಕ್ಕೇ ವೈರಿರೋ ಕಾಲರ್ ಮೈಕನ್ನ ಸಿಬ್ಬಂದಿಗೆ ಸಿಕ್ಕಿಸ್ಲೇಬೇಡಿ, ಸ್ಟ್ಯಾಂಡಿನ ಮೇಲಿರೋ ಮೈಕೇ ಸರಿ. ಪೇಜರ್ ಆಫ್ ಮಾಡ್ತೀರಾ ಅಂತ ಕೇಳೋದಂತೂ ಬೇಡವೇ ಬೇಡ. ಓಡಿದ ಮೇಲೂ ರೆಕಾರ್ಡರ್ ಓಡ್ತಾ ಇರ್ಬಹುದಾ ಅಂತ ಮೊದ್ಲೇ ಕೇಳಿ ಇಟ್ಕೊಳ್ಳಿ. ಹೂಂ ಅಂದ್ರೆ ನೀವು ಗೋಡೆಗೆ ಒತ್ಕೊಂಡು ಸುಮ್ನೆ ನಿಂತ್ಬಿಡಿ, ದಾರೀಲಿ ಬ್ಯಾಗ್ ಇಡ್ಬೇಡಿ, ಟ್ರೈಪಾಡ್ ಅಂತೂ ಬೋಟ್‌ಹೌಸ್ ಬಾಗಿಲ ಹತ್ರ ಬೇಡ. ಬೂಟಿನ ದಡಬಡ, ಡ್ರೈಸೂಟ್ ಜಿಪ್ಪು, ಎರಡು ಮೂರು ಚಿಕ್ಕ ಚಿಕ್ಕ ಮಾತು, ಶಟರ್ ಮೇಲೆ ಹೋಗೋ ಗರಗರ, ಎಂಜಿನ್ನು, ಆಮೇಲೆ ಖಾಲಿ ಹಾಲ್. ಆ ಖಾಲಿ ಹಾಲಿನ ನಾಲ್ಕೈದು ನಿಮಿಷಾನ ಕತ್ತರಿಸ್ಬೇಡಿ. ಯಾರ್ಗೆ ಏನಾಯ್ತು ಅನ್ನೋ ವಿವರ ಅಕಸ್ಮಾತ್ ರೆಕಾರ್ಡ್ ಆಗಿದ್ರೆ ಅದನ್ನ ಮಾತ್ರ ಅಳಿಸಿ.

ಸಾಮಾನು ಜಾಸ್ತಿ ಏನೂ ಬೇಡ. ಕೈಯಲ್ಲಿ ಹಿಡಿಯೋ ಒಂದು ರೆಕಾರ್ಡರ್, ಒಳ್ಳೆ ಹೆಡ್‌ಫೋನ್, ಗಾಳಿಗೆ ತುಪ್ಪಳದ ಕವರ್, ಅಷ್ಟೆ. ತುಪ್ಪಳದ ಕವರ್ ಇಲ್ದೆ ಕಡಲ ದಡಕ್ಕೆ ಹೋಗೋದೇ ದಂಡ, ರೆಕಾರ್ಡರ್ ಜೊತೆ ಬರೋ ಸ್ಪಂಜಿನ ಟೋಪಿ ಅಲ್ಲಿನ ಗಾಳಿಗೆ ಏನೇನೂ ಸಾಲಲ್ಲ. ಫಾರ್ಮ್ಯಾಟ್ ವೇವ್ ಇರ್ಲಿ, 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ಆದ್ರೆ ಗಂಟೆಗೆ ಸುಮಾರು 1 ಜಿಬಿ ಆಗತ್ತೆ, ಎಂಪಿ3 ಬೇಡ. ಮಾತಿಗೆ ಲೆವೆಲ್ ಮೈನಸ್ 12 ಡೆಸಿಬೆಲ್ ಹತ್ರ ಆಡ್ತಾ ಇದ್ರೆ ಸಾಕು, ಆದ್ರೆ ಬೋಟ್‌ಹೌಸಲ್ಲಿ ಮೆಲ್ಲಗೆ ಮಾತಾಡ್ತಿದ್ದಾಗ್ಲೇ ಡೀಸೆಲ್ ಎಂಜಿನ್ ಸ್ಟಾರ್ಟ್ ಆಗ್ಬಿಡತ್ತೆ, ಹಾಗಾಗಿ 32 ಬಿಟ್ ಫ್ಲೋಟ್ ಇರೋ ರೆಕಾರ್ಡರ್ ಸಿಕ್ಕಿದ್ರೆ ಇಂಥ ಜಾಗಕ್ಕೆ ಅದೇ ಸರಿ, ಲೆವೆಲ್ ಬಗ್ಗೆ ತಲೆ ಕೆಡಿಸ್ಕೊಳ್ಳೋದು ತಪ್ಪತ್ತೆ. ಉಪ್ಪುನೀರು ಮೈಕಿಗೆ ಶತ್ರು, ಕೆಲ್ಸ ಇಲ್ದಾಗ ಡ್ರೈಬ್ಯಾಗಲ್ಲಿ ಇಡಿ.

ಈಗ ಸದ್ದು. ಒಂದೊಂದು ಸ್ಟೇಷನ್ನೂ ಬೋಟನ್ನ ನೀರಿಗಿಳಿಸೋ ರೀತಿ ಬೇರೆ, ಅದಕ್ಕೆ ತಕ್ಕ ಹಾಗೆ ಸದ್ದೂ ಬೇರೆ. ಕ್ರೋಮರಲ್ಲಿ ಬೋಟ್‌ಹೌಸ್ ಇರೋದು ಪಿಯರ್ ಅಂದ್ರೆ ಕಡಲೊಳಗೆ ಚಾಚಿರೋ ಕಟ್ಟೆಯ ತುದೀಲಿ, ಬೋಟು ಇಳಿಜಾರಲ್ಲಿ ತನ್ನ ಭಾರಕ್ಕೇ ಜಾರಿ ಧಡಾರ್ ಅಂತ ನೀರಿಗೆ ಬೀಳತ್ತೆ. ಎಲ್ರೂ ಆ ಧಡಾರ್ ಅನ್ನೋದನ್ನ ಮಾತ್ರ ರೆಕಾರ್ಡ್ ಮಾಡ್ತಾರೆ. ನೀವು ಬೋಟು ವಾಪಸ್ ಬಂದ ಮೇಲೆ ವಿಂಚ್ ಅನ್ನೋ ಕೇಬಲ್ ಸುತ್ತೋ ಯಂತ್ರದಲ್ಲಿ ಹಿಮ್ಮುಖವಾಗಿ ನಿಧಾನಕ್ಕೆ ಮೇಲೆ ಎಳೆಯೋದನ್ನ ಹಿಡೀರಿ, ಕೇಬಲ್ ಬಿಗಿಯಾಗೋದು, ಕೈಸನ್ನೆ ಜೊತೆಗೆ ಬರೋ ಕೂಗು, ಎಲ್ಲಾ ಅದರಲ್ಲಿದೆ. ಡಂಜನೆಸ್ ಥರದ ಕಲ್ಲುಹರಳಿನ ದಡದಲ್ಲಿ ಬೋಟನ್ನ ಹೊತ್ಕೊಂಡು ಹೋಗೋದು ಪಟ್ಟಿಚಕ್ರದ ಟ್ರ್ಯಾಕ್ಟರು, ಹರಳು ಪುಡಿಯಾಗೋ ಸದ್ದೇ ಒಂದು ರೆಕಾರ್ಡಿಂಗ್, ಅದೇ ಟ್ರ್ಯಾಕ್ಟರ್ ಮರಳಿನ ದಡದಲ್ಲಿ ಹೋದ್ರೆ ಎಂಜಿನ್ ಬಿಟ್ಟು ಬೇರೇನೂ ಕೇಳ್ಸಲ್ಲ. ಡಿ ಕ್ಲಾಸ್ ಅನ್ನೋ 5 ಮೀಟರಿನ ಗಾಳಿ ತುಂಬಿದ ಬೋಟು ಒಂದೇ ಒಂದು 50 ಅಶ್ವಶಕ್ತಿ ಎಂಜಿನ್ನಿನ ಕೀರಲು ದನಿಯದು. ಶ್ಯಾನನ್ ಕ್ಲಾಸ್ ಅನ್ನೋ ದೊಡ್ಡ ಬೋಟಲ್ಲಿ ಪ್ರೊಪೆಲ್ಲರ್ರೇ ಇಲ್ಲ, ನೀರನ್ನ ಹಿಂದಕ್ಕೆ ಚಿಮ್ಮಿ ಓಡೋ ವಾಟರ್‌ಜೆಟ್, ಹಾಗಾಗಿ ಹಿಂದುಗಡೆಯಿಂದ ಬರೋ ಸದ್ದೇ ಬೇರೆ ಜಾತಿ. ಒಂದೇ ಜಾಗದಲ್ಲಿ ನಿಂತು ಎರಡೂ ಥರದ ಬೋಟು ಹಿಡಿಯೋಕೆ ಆದ್ರೆ ಬಿಡ್ಬೇಡಿ.

ಸೀಗಲ್ ಕೂಗು ಎಲ್ಲೋದ್ರೂ ಸಿಗತ್ತೆ, ಅದಕ್ಕೆ ಬ್ಯಾಟರಿ ಖಾಲಿ ಮಾಡ್ಬೇಡಿ.

ಬೋಟು ಬಂದ ಮೇಲೆ ಅದನ್ನ ಸಿಹಿನೀರಲ್ಲಿ ತೊಳೀತಾರೆ, ಡೀಸೆಲ್ ತುಂಬ್ತಾರೆ, ಮುಂದಿನ ಕರೆಗೆ ರೆಡಿ ಮಾಡ್ತಾರೆ. ನನಗೆ ಇಡೀ ಸ್ಟೇಷನ್ನಲ್ಲಿ ಇಷ್ಟದ ಹೊತ್ತು ಇದೇ. ಪೈಪಿನ ನೀರು ಬೋಟಿನ ಮೈಗೆ ಹೊಡೀತಿರತ್ತೆ, ಬ್ರಷ್ ಉಜ್ತಿರತ್ತೆ, ಒಬ್ಬರನ್ನೊಬ್ರು ಕಾಲೆಳೀತಿರ್ತಾರೆ, ಅಷ್ಟೊತ್ತಿನ ಬಿಗಿ ಎಲ್ಲಾ ಆಗ ಬಿಟ್ಕೊಳ್ಳತ್ತೆ. ಮೈಕ್ ಮುಂದೆ ಕೂರಿಸಿದ್ರೆ ಬಾಯೇ ಬಿಡ್ದಿರೋರು ಇಲ್ಲಿ ಬ್ರಷ್ ಕೈಯಲ್ಲಿ ಹಿಡ್ಕೊಂಡು ಕತೆ ಮೇಲೆ ಕತೆ ಹೇಳ್ತಾರೆ. ಆದ್ರೆ ಕದ್ದು ರೆಕಾರ್ಡ್ ಮಾಡೋ ಹಾಗಿಲ್ಲ, ರೆಕಾರ್ಡರ್ ಆನ್ ಇದೆ ಅಂತ ಎಲ್ರಿಗೂ ಗೊತ್ತಿರ್ಬೇಕು, ಕೆಂಪು ದೀಪ ಕಾಣೋ ಹಾಗೆ ಇಡಿ.

ಬೋಟ್ ಒಳಗೆ ಹೋಗೋ ಅವಕಾಶ ಸಿಗದೇ ಇರಬಹುದು, ಹಟ ಮಾಡ್ಬೇಡಿ. ಕಾಕ್ಸನ್ ಒಪ್ಪಿದ್ರೆ ಅಭ್ಯಾಸದ ದಿನ ಸಣ್ಣ ರೆಕಾರ್ಡರ್ ಒಂದನ್ನ ಅವ್ರ ಕೈಗೇ ಕೊಟ್ಟು ವೀಲ್‌ಹೌಸಲ್ಲಿ, ಅಂದ್ರೆ ಬೋಟು ನಡ್ಸೋ ಕೋಣೇಲಿ ಇಡೋಕೆ ಹೇಳಿ. ಮ್ಯಾಗ್ನೆಟ್ ಇರೋ ಕ್ಲಾಂಪು ದಿಕ್ಸೂಚಿ ಹತ್ರ ಹೋಗ್ಬಾರ್ದು, ಅದು ದಿಕ್ಕು ತಪ್ಪು ತೋರ್ಸತ್ತೆ. ಲೈಫ್‌ಜಾಕೆಟ್ ಒಳಗೆ, ಅದರ ಪಟ್ಟಿಗೆ, ಎಲ್ಲೂ ವೈರ್ ಸಿಕ್ಕಿಸ್ಬಾರ್ದು. ಅಲ್ಲಿ ರೇಡಿಯೋ ಮಾತೂ ರೆಕಾರ್ಡ್ ಆಗತ್ತೆ, ಆ ಭಾಗ ತೆಗ್ದು ಮಿಕ್ಕಿದ್ದನ್ನ ಇಟ್ಕೊಳ್ಳಿ. ಎಂಜಿನ್ನಿನ ತಗ್ಗಿನ ಗುಡುಗು ಜಾಸ್ತಿ ಇರತ್ತೆ, ರೆಕಾರ್ಡ್ ಮಾಡೋವಾಗ್ಲೇ ಅದನ್ನ ಫಿಲ್ಟರ್ ಹಾಕಿ ಕಡಿಯೋರಿದಾರೆ, ನಾನು ಬೇಡ ಅಂತೀನಿ, ಅದೇ ಅಲ್ವಾ ಆ ಬೋಟಿನ ಗುರುತು? ಆಮೇಲೆ ಬೇಕಾದ್ರೆ ಕಡಿಬಹುದು, ಕಡಿದದ್ದನ್ನ ವಾಪಸ್ ತರೋಕಾಗಲ್ಲ.

ಇನ್ನು ಮಾತು. ಈ ಜನ ತಮ್ಮ ಬಗ್ಗೆ ದೊಡ್ಡದಾಗಿ ಹೇಳ್ಕೊಳ್ಳೋದು ಬಹಳ ಕಮ್ಮಿ. ನೀವು ಎಷ್ಟು ಜನರ ಜೀವ ಉಳಿಸಿದೀರ ಅಂತ ಕೇಳಿದ್ರೆ, ಅದ್ರಲ್ಲೇನಿದೆ, ಎಲ್ರೂ ಸೇರಿ ಮಾಡೋದು ಅಂತ ಮುಗಿಸ್ಬಿಡ್ತಾರೆ. ನಿಮಗೆ ಭಯ ಆಗ್ಲಿಲ್ವಾ ಅನ್ನೋ ಪ್ರಶ್ನೆಗೂ ಅದೇ ಗತಿ. ಕೇಳ್ಬೇಕಾದ್ದು ಕೈಗೆ ಸಿಗೋ ಪ್ರಶ್ನೆ. ಹಿಂದಿನ ಸಲ ಪೇಜರ್ ಬಡ್ಕೊಂಡಾಗ ಕೈಯಲ್ಲಿ ಏನಿತ್ತು? ಯಾವ ದಾರೀಲಿ ಓಡಿದ್ರಿ? ಮೊದ್ಲು ಯಾರು ಬಂದಿದ್ರು? ವಾಪಸ್ ಮನೆಗೆ ಹೋದಾಗ ಯಾರು ಎದ್ದಿದ್ರು? ಇಲ್ಲಿಂದ ಶುರುವಾದ್ರೆ ಭಯಾನೂ ತಾನಾಗೇ ಬರತ್ತೆ, ಬರ್ಲಿಲ್ಲ ಅಂದ್ರೆ ಬಿಡಿ. ಕರೆ ಬಂದು ಹೊರಡೋದನ್ನ ಅವ್ರು ಶೌಟ್ ಅಂತಾರೆ, ನೀವೂ ಅದೇ ಪದ ಬಳಸಿ. ಅವ್ರು ಹೇಳೋವಾಗ ಹೂಂ ಹೂಂ ಅನ್ಬೇಡಿ, ತಲೆ ಆಡಿಸಿ ಸಾಕು, ಇಲ್ಲಾಂದ್ರೆ ಎಡಿಟಿಂಗ್ ಮಾಡೋವಾಗ ನಿಮ್ಮ ಮೇಲೆ ನಿಮಗೇ ಸಿಟ್ಟು ಬರತ್ತೆ. ಮೈಕ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ. ಕ್ರೂ ರೂಮಿನ ಫ್ರಿಡ್ಜ್ ಗುಂಯ್ ಅಂತಿದ್ರೆ ಕೇಳಿ ಆಫ್ ಮಾಡಿ, ಆನ್ ಮಾಡೋದು ಮರೀದೇ ಇರೋಕೆ ನಿಮ್ಮ ಕಾರ್ ಕೀ ಅದರೊಳಗೇ ಇಡಿ, ಸೌಂಡ್ ಕೆಲ್ಸದೋರ ಹಳೇ ಉಪಾಯ ಇದು. ಮಾತು ಮುಗಿದ ಮೇಲೆ ಯಾರೂ ಮಾತಾಡ್ದೆ ಒಂದು ನಿಮಿಷ ಆ ರೂಮಿನ ಮೌನಾನೂ ರೆಕಾರ್ಡ್ ಮಾಡ್ಕೊಳ್ಳಿ, ಎಡಿಟಿಂಗಲ್ಲಿ ತೇಪೆ ಹಾಕೋಕೆ ಅದೇ ಬೇಕು.

ಬೋಟಲ್ಲಿ ಹೋಗೋರನ್ನ ಮಾತ್ರ ಮಾತಾಡಿಸಿ ಬರೋದು ಅರ್ಧ ಕೆಲ್ಸ. ಟ್ರ್ಯಾಕ್ಟರ್ ಓಡಿಸೋರು, ದಡದಲ್ಲಿ ಕಾಯೋರು, ದೇಣಿಗೆ ಡಬ್ಬಿ ಹಿಡ್ಕೊಂಡು ಮಳೇಲಿ ನಿಲ್ಲೋರು, ರಾತ್ರಿ ಬಾಗಿಲು ಹಾಕ್ಕೊಂಡ ಸದ್ದು ಕೇಳಿ ನಿದ್ದೆ ಬರ್ದೆ ಮಲಗಿರೋ ಗಂಡ, ಹೆಂಡ್ತಿ, ಮಕ್ಕಳು, ಇವ್ರ ಹತ್ರ ಬೇರೇನೇ ಕತೆ ಇದೆ. ಊರಿನ ವಯಸ್ಸಾದೋರನ್ನ ಹುಡುಕಿ ಮರೂನ್ ಹೇಗೆ ಸಿಡೀತಿತ್ತು ಅಂತ ಬಾಯಲ್ಲೇ ಸದ್ದು ಮಾಡಿ ತೋರ್ಸೋಕೆ ಹೇಳಿ, ನಗ್ತಾ ಮಾಡ್ತಾರೆ, ಅವ್ರ ನೆನಪಲ್ಲಿ ಅದು ಹೇಗಿದೆ ಅನ್ನೋದು ಅವ್ರ ಬಾಯಿಂದ ಮಾತ್ರ ಸಿಗತ್ತೆ.

ಕೆಲವು ಊರಲ್ಲಿ ಕೇಳ್ದೆ ಬಿಡಬೇಕಾದ ಪ್ರಶ್ನೆಗಳೂ ಇರ್ತಾವೆ. ಕಾರ್ನ್‌ವಾಲಿನ ಮೌಸ್‌ಹೋಲ್ ಅಂಥದ್ದು. 1981ರ ಡಿಸೆಂಬರ್ 19ರ ರಾತ್ರಿ ಯೂನಿಯನ್ ಸ್ಟಾರ್ ಅನ್ನೋ ಹಡಗಿಗೆ ನೆರವಿಗೆ ಹೋದ, ಅಲ್ಲಿನ ಪೆನ್‌ಲೀ ಸ್ಟೇಷನ್ನಿನ ಸಾಲೊಮನ್ ಬ್ರೌನ್ ಅನ್ನೋ ಲೈಫ್‌ಬೋಟ್ ವಾಪಸ್ ಬರ್ಲಿಲ್ಲ. ಬೋಟಿನ 8 ಜನ, ಹಡಗಿನ 8 ಜನ, ಎಲ್ರೂ ಹೋದ್ರು. ನಾಲ್ವರನ್ನ ಹತ್ತಿಸ್ಕೊಂಡಿದೀವಿ ಅಂತ ಕೋಸ್ಟ್‌ಗಾರ್ಡಿಗೆ ಹೇಳಿದ ಸ್ವಲ್ಪದರಲ್ಲೇ ರೇಡಿಯೋ ಕಡಿದು ಹೋಗಿತ್ತು, ಆ ಮಾತು ಟೇಪಲ್ಲಿ ಉಳಿದಿದೆ. ಅದನ್ನ ನಿಮ್ಮ ಕೆಲ್ಸದ ಮಧ್ಯೆ ಸಿಕ್ಕಿಸಿ ಮೈ ಜುಂ ಅನ್ಸೋ ಆಸೆ ಬಂದ್ರೆ, ಅವ್ರ ಮನೆಯೋರು ಅದೇ ಬೀದೀಲಿ ಇರ್ಬಹುದು ಅಂತ ನೆನಪಿರ್ಲಿ. ಅವ್ರಾಗೇ ಮಾತು ತೆಗೆದ್ರೆ ಕೇಳಿ, ನೀವಾಗಿ ಮೊದಲ ಭೇಟೀಲೇ ಎತ್ತಬೇಡಿ. ಬೇರೆ ಕಡೇನೂ ಅಷ್ಟೆ, ಸಿಬ್ಬಂದೀಲಿ ಸಾವು ನೋಡ್ದೆ ಇರೋರು ಅಪರೂಪ, ಹೇಳ್ತಾ ಹೇಳ್ತಾ ದನಿ ಬದಲಾದ್ರೆ ನಿಲ್ಸೋಣ್ವಾ ಅಂತ ಕೇಳಿ.

ವೇಲ್ಸಿನ ಪೋರ್ಥ್‌ಡಿನ್‌ಥ್ಲಾಯಿನ್, ಮೋಯಿಲ್‌ವ್ರೆ ಕಡೆ ಸಿಬ್ಬಂದಿ ತಮ್ತಮ್ಮಲ್ಲಿ ವೆಲ್ಷಲ್ಲೇ ಮಾತಾಡೋದು ಮಾಮೂಲು. ನಿಮಗೆ ಅರ್ಥ ಆಗ್ಲಿ ಅಂತ ಇಂಗ್ಲಿಷಿಗೆ ತಿರುಗಿಸ್ಬೇಡಿ, ಅವ್ರ ಭಾಷೇಲೇ ಹೇಳ್ಲಿ, ಆಮೇಲೆ ಯಾರ ಹತ್ರಾನಾದ್ರೂ ಅನುವಾದ ಮಾಡಿಸ್ಬಹುದು. ಬರಹಕ್ಕೆ ಇಳಿಸೋವಾಗ ಅವ್ರ ಆಡುಮಾತನ್ನ ಶುದ್ಧ ಮಾಡೋ ಕೆಲ್ಸಕ್ಕೂ ಕೈ ಹಾಕ್ಬೇಡಿ.

ಒಪ್ಪಿಗೆ ಎರಡು ಸಲ ತಗೊಳ್ಳಿ, ರೆಕಾರ್ಡ್ ಮಾಡೋಕೆ ಮುಂಚೆ ಒಂದ್ಸಲ, ಮುಗಿದ ಭಾಗ ಕೇಳ್ಸಿದ ಮೇಲೆ ಇನ್ನೊಂದ್ಸಲ. ಬ್ರಿಟನ್ನಿನ 1988ರ ಕಾಪಿರೈಟ್ ಕಾಯ್ದೆ ಪ್ರಕಾರ ರೆಕಾರ್ಡಿಂಗ್ ನಿಮ್ಮದಾದ್ರೂ ಆಡಿದ ಮಾತಿನ ಹಕ್ಕು ಆಡಿದೋರದೇ, ಆ ಹಕ್ಕು ನಿಮ್ಮ ಹೆಸ್ರಿಗೆ ಬರ್ಬೇಕಂದ್ರೆ ಅವ್ರು ಬರವಣಿಗೇಲಿ ಬಿಟ್ಕೊಡ್ಬೇಕು. ಅದೇ ದಿನ ರಾತ್ರಿ ಕಾರ್ಡಿಂದ ಎರಡು ಬೇರೆ ಬೇರೆ ಡಿಸ್ಕಿಗೆ ಕಾಪಿ ಮಾಡಿ, ಮೂರನೇದು ಬೇರೆ ಮನೇಲಿ ಇರ್ಲಿ. ಫೈಲ್ ಹೆಸ್ರಲ್ಲಿ ತಾರೀಕು, ಸ್ಟೇಷನ್, ಬೋಟಿನ ಕ್ಲಾಸ್ ಇರ್ಬೇಕು, ಗಾಳಿ ಯಾವ ದಿಕ್ಕಿತ್ತು, ಭರತನಾ ಇಳಿತನಾ ಅಂತಾನೂ ಒಂದು ಸಾಲು ಬರೆದಿಡಿ, ಇಪ್ಪತ್ತು ವರ್ಷ ಆದ ಮೇಲೆ ಕೇಳೋರಿಗೆ ಬೇಕಾಗತ್ತೆ. ಮಾತಾಡಿದ ಒಬ್ಬೊಬ್ರಿಗೂ ಅವ್ರವ್ರ ಪೂರ್ತಿ ಫೈಲಿನ ಕಾಪಿ ಕೊಡಿ, ಕತ್ತರಿಸಿದ್ದಲ್ಲ, ಪೂರ್ತಿ. ಸ್ಟೇಷನ್ನಿಗೆ ಒಂದು ಸೆಟ್, ಆ ಜಿಲ್ಲೆಯ ದಾಖಲೆ ಸಂಗ್ರಹಕ್ಕೆ ಒಂದು ಸೆಟ್, ಅಲ್ಲಿಗೆ ಕೊಡೋವಾಗ ಒಪ್ಪಿಗೆ ಪತ್ರದ ಕಾಪೀನೂ ಜೊತೆಗಿಡಿ, ಅದಿಲ್ಲಾಂದ್ರೆ ಫೈಲ್ ತಗೊಂಡ್ರೂ ಯಾರಿಗೂ ಕೇಳ್ಸೋಕೆ ಅವ್ರಿಗೆ ಆಗಲ್ಲ.