28 ಮಿಲಿಮೀಟರ್ ಎತ್ತರದ ಆಳು ಮತ್ತು ನಾನು ಕಟ್ಟಿದ ಬೀಗಲ್

ಮನೆಯಲ್ಲೇ ಜೋಡಿಸುವ ಮರದ ಹಡಗಿನ ಮಾದರಿ ಕಿಟ್‌ಗಳಲ್ಲಿ ಹೆಚ್ಚಿನವರ ಕಣ್ಣು ಮೊದಲು ಹೋಗುವುದು 104 ಫಿರಂಗಿಗಳ ಬ್ರಿಟಿಷ್ ಯುದ್ಧನೌಕೆ ವಿಕ್ಟರಿಯ ಕಡೆಗೆ. ನಾನು ಆರಿಸಿಕೊಂಡದ್ದು ವಿಜ್ಞಾನಿ ಡಾರ್ವಿನ್ ಯಾನ ಮಾಡಿದ ಬೀಗಲ್. ಅವನ ಹೆಸರು ಅದಕ್ಕೆ ಒಂದು ಕಾರಣ, ಹಡಗಿನ ಗಾತ್ರ ಇನ್ನೊಂದು. 1820ರಲ್ಲಿ ಇಂಗ್ಲೆಂಡಿನ ವುಲ್‌ವಿಚ್‌ನಲ್ಲಿ ನೀರಿಗಿಳಿದ ಬೀಗಲ್ ಬರೀ 27.5 ಮೀಟರ್ ಉದ್ದದ್ದು. ಸ್ಪೇನಿನ ಒಕ್ರೆ ಕಂಪನಿಯ ಕಿಟ್ 1:60 ಅಳತೆಯದು. ಆ ಲೆಕ್ಕಕ್ಕೆ ಒಡಲು ಸುಮಾರು 46 ಸೆಂ.ಮೀ. ಆಗುತ್ತದೆ, ಮೂತಿಯ ಚಾಚುಕಂಬ ಸೇರಿದರೆ 70 ದಾಟುತ್ತದೆ. ಮನೆಯ ಮೇಜಿನ ಮೇಲೆ ನೆಮ್ಮದಿಯಾಗಿ ಕೂರುವ ಹಡಗು.

ಪೆಟ್ಟಿಗೆ ಬಿಚ್ಚಿದವನು ಮೊದಲು ಮಾಡಿದ್ದು ರಟ್ಟಿನಲ್ಲಿ 28 ಮಿ.ಮೀ. ಎತ್ತರದ ಒಂದು ಆಳನ್ನು ಕತ್ತರಿಸಿಕೊಂಡದ್ದು. 1.7 ಮೀಟರಿನ ಮನುಷ್ಯ ಈ ಅಳತೆಯಲ್ಲಿ ಅಷ್ಟೇ ಎತ್ತರ. ಕೆಲಸ ಮುಗಿಯುವ ತನಕ ಅವನು ನನ್ನ ಮೇಜು ಬಿಟ್ಟು ಕದಲಲಿಲ್ಲ. ನಕ್ಷೆ ಏನೇ ಹೇಳಲಿ, ಹಗ್ಗ ಅವನ ಮುಷ್ಟಿಯಲ್ಲಿ ಹಿಡಿಸಬೇಕು, ಬಾಗಿಲಲ್ಲಿ ಅವನು ತೂರಬೇಕು. ಕಿಟ್ ಕಟ್ಟುವವರಿಗೆ ನಾನು ಹೇಳುವ ಮುಖ್ಯ ಮಾತು ಇದೇ: ಅಳತೆಪಟ್ಟಿಯ ಜೊತೆಗೆ ಒಬ್ಬ ಮನುಷ್ಯನನ್ನೂ ಇಟ್ಟುಕೊಳ್ಳಿ.

ಹಡಗಿನ ಬೆನ್ನೆಲುಬಾದ ಕೀಲ್ ಹಲಗೆಗೆ ಪ್ಲೈವುಡ್ ಪಕ್ಕೆಲುಬುಗಳನ್ನು ಮೂಲೆಮಟ್ಟ ಹಿಡಿದು ನೇರ ನಿಲ್ಲಿಸುವುದು ಒಂದೆರಡು ಸಂಜೆಗಳ ಕೆಲಸ. ಅದಾದ ಮೇಲೆ ಅವುಗಳ ಅಂಚನ್ನು ಓರೆಯಾಗಿ ಉಜ್ಜಬೇಕು. ಹಡಗಿನ ಚಂದವೆಲ್ಲ ನಿಂತಿರುವುದು ಇಲ್ಲೇ. ನಡುವಿನ ಪಕ್ಕೆಲುಬುಗಳಿಗೆ ಇದು ಹೆಚ್ಚು ಬೇಡ. ಮೂತಿ ಮತ್ತು ಹಿಂಬದಿಗೆ ಬಂದಂತೆ ಒಡಲು ಬಾಗುವುದರಿಂದ ಚೌಕ ಅಂಚಿನ ಮೇಲೆ ಹೊದಿಸುವ ಮರದ ಪಟ್ಟಿ ಒಂದು ಗೆರೆಯಲ್ಲಿ ಮಾತ್ರ ತಾಗುತ್ತದೆ, ಅಂಟು ಹಿಡಿಯಲು ಜಾಗವೇ ಸಿಗದು. ನಾನು ಅಗಲ ಅರದ ಮೇಲೆ 120ರ ಸ್ಯಾಂಡ್ ಪೇಪರ್ ಸುತ್ತಿ ಎರಡೆರಡು ಪಕ್ಕೆಲುಬುಗಳನ್ನು ಒಟ್ಟಿಗೆ ಉಜ್ಜುತ್ತಿದ್ದೆ. ಐದು ನಿಮಿಷಕ್ಕೊಮ್ಮೆ ಒಂದು ಪಟ್ಟಿಯನ್ನು ಮೂತಿಯಿಂದ ಹಿಂಬದಿವರೆಗೆ ಬಾಗಿಸಿ ಹಿಡಿದು ಬೆಳಕಿಗೆ ಅಡ್ಡ ನೋಡುವುದು. ಎಲ್ಲೂ ಸಂದಿಯಲ್ಲಿ ಬೆಳಕು ಇಣುಕದಿದ್ದರೆ ಮುಂದಕ್ಕೆ.

ಪಟ್ಟಿ ಹೊದಿಸಲು ಲೆಕ್ಕ ಬೇಕು. ನಡುವಿನಲ್ಲಿ ಒಡಲಿನ ಸುತ್ತಳತೆ 100 ಮಿ.ಮೀ. ಇದ್ದರೆ 5 ಮಿ.ಮೀ. ಅಗಲದ 20 ಪಟ್ಟಿಗಳು ಬೇಕು. ಮೂತಿಯಲ್ಲಿ ಅದೇ ಸುತ್ತಳತೆ 60 ಆದರೆ ಆ 20 ಪಟ್ಟಿಗಳೂ ಅಲ್ಲಿ 3 ಮಿ.ಮೀ.ಗೆ ಕಿರಿದಾಗಬೇಕು. ಅರ್ಧಕ್ಕಿಂತ ಕಿರಿದು ಮಾಡಬಾರದು, ಮೊನೆಯಾದ ಪಟ್ಟಿ ಸೀಳುತ್ತದೆ. ಹಾಗಾಗುವ ಕಡೆ ಒಂದು ಪಟ್ಟಿಯನ್ನು ನಡುವೆಯೇ ನಿಲ್ಲಿಸಿ ಪಕ್ಕದ್ದನ್ನು ಮುಂದುವರಿಸುವುದೇ ಸರಿ. ಹಿಂಬದಿಯಲ್ಲಿ ಸಂದಿ ಅಗಲವಾಗುವುದರಿಂದ ಅಲ್ಲಿ ಬೆಣೆಯಾಕಾರದ ತುಂಡು ಸೇರಿಸಬೇಕು. ಎಡಕ್ಕೆ ಒಂದು ಅಂಟಿಸಿದರೆ ಬಲಕ್ಕೆ ಒಂದು. ಒಂದೇ ಬದಿ ಮುಗಿಸಿದರೆ ಆ ಎಳೆತಕ್ಕೆ ಕೀಲ್ ತಿರುಚಿಕೊಳ್ಳುತ್ತದೆ.

ನಾನಿರುವುದು ಮಂಗಳೂರಿನಲ್ಲಿ, ಹಾಗಾಗಿ ಮಳೆಗಾಲದಲ್ಲಿ ಪಟ್ಟಿ ಹೊದಿಸುವ ಕೆಲಸಕ್ಕೆ ಕೈ ಹಾಕಲಿಲ್ಲ. ಜುಲೈನ ತೇವ ಕುಡಿದ ಮರ ಅಗಲಕ್ಕೆ ಉಬ್ಬಿರುತ್ತದೆ. ಆಗ ಒತ್ತಾಗಿ ಕೂರಿಸಿದ ಪಟ್ಟಿಗಳು ಜನವರಿಯ ಒಣಗಾಳಿಗೆ ಕುಗ್ಗಿ ಬಾಯಿ ಬಿಡುತ್ತವೆ. ಮಳೆಗಾಲವನ್ನೆಲ್ಲ ಪಕ್ಕೆಲುಬಿಗೂ ಚಿಕ್ಕ ದೋಣಿಗಳಿಗೂ ಕೊಟ್ಟು, ಪಟ್ಟಿಗಳನ್ನು ಸಿಲಿಕಾ ಜೆಲ್ ಚೀಲಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿಟ್ಟು, ದೀಪಾವಳಿ ಕಳೆದ ಮೇಲೆ ಒಡಲಿಗೆ ಹೊರಟೆ. ಪಟ್ಟಿಗಳ ಎರಡು ಪದರಗಳಲ್ಲಿ ಒಳಗಿನದಕ್ಕೆ ಮಾಮೂಲಿ ಫೆವಿಕಾಲ್, ಹಿಡಿದಿಡಲು ಬಟ್ಟೆ ಕ್ಲಿಪ್ಪು ಸಾಕು.

ನೀರಿನ ಮಟ್ಟದ ಕೆಳಗೆ ತಾಮ್ರ. ಮರ ಕೊರೆಯುವ ಕಡಲಹುಳು ಒಡಲನ್ನು ತಿನ್ನದಿರಲೆಂದು ಬ್ರಿಟಿಷ್ ನೌಕಾಪಡೆ ಹಡಗುಗಳಿಗೆ ತಾಮ್ರದ ತಗಡು ಹೊಡೆಸುತ್ತಿತ್ತು. ನಮ್ಮ ಕರಾವಳಿಯ ಮರದ ದೋಣಿಗಳಿಗೆ ಮೀನೆಣ್ಣೆ ಬಳಿಯುತ್ತಿದ್ದದ್ದೂ ಮರ ಉಳಿಸಿಕೊಳ್ಳಲೆಂದೇ. ಅವರ ತಗಡು 48 ಇಂಚು ಉದ್ದ, 14 ಇಂಚು ಅಗಲ; 1:60ರಲ್ಲಿ 20 ಮಿ.ಮೀ. ಮತ್ತು 6 ಮಿ.ಮೀ. ಅಂಟು ಇರುವ ತಾಮ್ರದ ಟೇಪನ್ನು ಆ ಅಳತೆಗೆ ಕತ್ತರಿಸಿ, ಹಿಂಬದಿಯ ಕೀಲ್‌ನಿಂದ ಶುರುಮಾಡಿ ಮುಂದಕ್ಕೂ ಮೇಲಕ್ಕೂ ಹೊದಿಸಿದೆ. ಮುಂದಿನ ತಗಡಿನ ಅಂಚು ಹಿಂದಿನದರ ಮೇಲೆ ಬರಬೇಕು. ನೀರು ಜಾರಿ ಹೋಗುವುದು ಹಾಗೆ. ಮೆರುಗೆಣ್ಣೆ ಹಚ್ಚಲಿಲ್ಲ. ತಾಮ್ರ ತಾನಾಗಿ ಕಂದುವುದೇ ಚಂದ.

ಬೀಗಲ್‌ನ ವರ್ಗದ ಹಡಗುಗಳಿಗೆ ನಾವಿಕರು ಶವಪೆಟ್ಟಿಗೆ ಎಂಬ ಅಡ್ಡಹೆಸರು ಇಟ್ಟಿದ್ದರು, ಅಷ್ಟು ಮುಳುಗಿದ್ದವು. 1831ರ ಯಾನಕ್ಕೆ ಮುಂಚೆ ಕ್ಯಾಪ್ಟನ್ ಫಿಟ್ಜ್‌ರಾಯ್ ಮೇಲ್ಡೆಕ್ಕನ್ನು ಹಿಂದೆ 8 ಇಂಚು, ಮುಂದೆ 12 ಇಂಚು ಎತ್ತರಿಸಿದ. ಮಾದರಿಯಲ್ಲಿ ಅದು ಹೆಚ್ಚೆಂದರೆ 5 ಮಿ.ಮೀ. ಹಿಂಬದಿಯಲ್ಲಿ ಡಾರ್ವಿನ್ ಮಲಗುತ್ತಿದ್ದ ಕೋಣೆ ಸುಮಾರು 10 ಅಡಿಗೆ 11 ಅಡಿ. ಅಷ್ಟು ಜಾಗವನ್ನು ಕಾಗದದ ಮೇಲೆ 5 ಸೆಂ.ಮೀ.ಗೆ ಐದೂವರೆ ಸೆಂ.ಮೀ. ಎಂದು ಬರೆದು, ನಡುವೆ ನಕ್ಷೆ ಬಿಡಿಸುವ ಮೇಜನ್ನೂ ಕೋಣೆಯನ್ನು ತೂರಿಹೋಗುವ ಹಿಂದಿನ ಕೂವೆಮರವನ್ನೂ (ಹಾಯಿಯ ಕಂಬ) ಗುರುತಿಸಿ ರಟ್ಟಿನ ಆಳನ್ನು ಮಲಗಿಸಿ ನೋಡಿದೆ. ಜೋಲಿಯಲ್ಲಿ ಕಾಲು ಚಾಚಲು ಡಾರ್ವಿನ್ ಗೋಡೆಯ ಒಂದು ಡ್ರಾಯರ್ ತೆಗೆಸಬೇಕಾಗಿತ್ತಂತೆ. ಕೊನೆಗೆ ಈ ಕೋಣೆ ಹಡಗಿನಲ್ಲಿ ಕಾಣುವುದೇ ಇಲ್ಲ. ಆದರೂ ಆ ಚಾವಣಿಗೆ ಹಲಗೆ ಜೋಡಿಸುವಾಗ ನನ್ನ ಕೈ ತಾನಾಗಿ ನಿಧಾನವಾಯಿತು.

ಕೊನೆಯ ದೊಡ್ಡ ಕೆಲಸ ಹಗ್ಗದ್ದು. ದಾರವನ್ನೆಲ್ಲ ಜೇನುಮೇಣದ ಮೇಲೆ ಎಳೆದರೆ ನಾರು ಕೂರುತ್ತದೆ, ಗಂಟು ಜಾರುವುದಿಲ್ಲ. ಕೂವೆಮರ ಹಿಡಿಯುವ ಹಗ್ಗಗಳಿಗೆ ಟಾರು ಬಳಿಯುತ್ತಿದ್ದರಿಂದ ಅವು ಕಪ್ಪು. ಹಾಯಿ ಎಳೆಯುವವು ಸೆಣಬಿನ ಬಣ್ಣ. 0.5 ಮಿ.ಮೀ. ದಾರವೆಂದರೆ ನಿಜದಲ್ಲಿ 30 ಮಿ.ಮೀ. ಹಗ್ಗ, ಅದಕ್ಕಿಂತ ದಪ್ಪದ್ದು ನನ್ನ ಆಳಿನ ಮುಷ್ಟಿಗೆ ಹಿಡಿಸದು. ಹಾಗಾಗಿ ಎಳೆಯುವ ಹಗ್ಗಗಳಿಗೆ ತೆಳು ದಾರವನ್ನು ಬೇರೆ ಕೊಂಡೆ. ಏಣಿಯಂತೆ ಕಾಣುವ ಅಡ್ಡಹಗ್ಗಗಳನ್ನು ಆರೂಕಾಲು ಮಿ.ಮೀ. ಅಂತರದಲ್ಲಿ, ಅಂದರೆ ನಿಜದ 15 ಇಂಚಿಗೆ ಒಂದರಂತೆ ಕಟ್ಟಬೇಕು. ಹಿಂದೆ ಗೀಟು ಹಾಕಿದ ಕಾಗದ ಇಟ್ಟುಕೊಂಡರೆ ಅಂತರ ತಪ್ಪದು. ಹಾಯಿ ಹೊರುವ ಅಡ್ಡಮರಗಳಿಗೆ ರಾಟೆಗಳನ್ನು ಮೇಜಿನ ಮೇಲೇ ಕಟ್ಟಿ ಮುಗಿಸಿ. ಮೇಲೇರಿಸಿದ ನಂತರ ಚಿಮಟಕ್ಕೂ ದಾರಿ ಇರುವುದಿಲ್ಲ. ಯಾವಾಗಲೂ ನಡುವಿನಿಂದ ಹೊರಕ್ಕೆ, ಕೆಳಗಿನಿಂದ ಮೇಲಕ್ಕೆ.

ಹಾಯಿ ಬಟ್ಟೆ ನಾನು ಕಟ್ಟಲಿಲ್ಲ. ಬಟ್ಟೆಯ ನೇಯ್ಗೆ 1:60ಕ್ಕೆ ಇಳಿಯುವುದಿಲ್ಲ, ಆ ಆಳಿನ ಪಕ್ಕದಲ್ಲಿ ಅದು ಗೋಣಿಚೀಲವಾಗಿ ಕಾಣುತ್ತದೆ. ಹೊಸದಾಗಿ ಶುರುಮಾಡುವವರು ಒಂದೇ ಕೂವೆಮರದ, ಆದರೆ ಎರಡು ಪದರ ಪಟ್ಟಿಯ ಕಿಟ್ ಕೊಳ್ಳಿ. ಒಳಪದರದ ಮೇಲೆ ಕೈ ಪಳಗುತ್ತದೆ, ಹೊರಗೆ ಕಾಣುವುದು ಎರಡನೆಯದು.